ಗಿಳಿಗಳ ಅರ್ಧ ಗಂಟೆ

ಮೇಷ್ಟ್ರ ಬೀಳ್ಕೊಡುಗೆ ಸಭೆಗೆ ನಾನು ಹಾರ ಒಯ್ಯಲಿಲ್ಲ. ಕ್ಯಾಸೆಟ್ ಒಯ್ದೆ. ಏಳೆಂಟು ವರ್ಷ ಕಾದಿಟ್ಟದ್ದು.

ತೊಂಬತ್ತರ ದಶಕದಲ್ಲಿ ಅವರು ಹಳ್ಳಿಗಾಡಿನ ಶಬ್ದಗಳ ಅಧ್ಯಯನ ಮಾಡುತ್ತಿದ್ದರು. ನಾನು ಅವರ ಶಿಷ್ಯ, ರೆಕಾರ್ಡರ್ ಹೊರುವವನು. ನರಸೀಪುರದಾಚೆ ಒಂದು ಜೋಳದ ಹೊಲ. ಬೆಳಿಗ್ಗೆಯೋ ಸಂಜೆಯೋ. ಬೆಳಕು ಹೇಗಿತ್ತೆಂದು ಬರೆಯಲಾರೆ, ಬರೆದರೆ ಕಟ್ಟುಕತೆಯಾಗುತ್ತದೆ. ಹೊಲದೊಡತಿ ಅಟ್ಟಣೆ ಹತ್ತಿ ಡಬ್ಬ ಬಡಿಯುತ್ತ, ‘ಹೋಯ್’ ಎಂದು ಕೂಗಿ ಗಿಳಿ ಓಡಿಸುತ್ತಿದ್ದಳು. ಮೇಷ್ಟ್ರಿಗೆ ಗಿಳಿ ಬೇಕಿತ್ತು, ಡಬ್ಬ ಬೇಡವಾಗಿತ್ತು. ಅರ್ಧ ಗಂಟೆ ಸುಮ್ಮನಿರು ಎಂದು ಗದರಿದರು. ನನಗೆ ನೆನಪಿದ್ದದ್ದು ಹಾಗೆ.

“ನಾನ್ ಸುಮ್ಕಿದ್ರೆ ಗಿಳಿ ಸುಮ್ಕಿದ್ದಾವಾ ಸಾ?”

ಆದರೂ ಸುಮ್ಮನಾದಳು. ನಮ್ಮ ಪ್ಯಾಂಟು, ಪೆಟ್ಟಿಗೆ ನೋಡಿ ಸರ್ಕಾರದವರೆಂದುಕೊಂಡಳೇನೋ. ಹಿಂಡು ಇಳಿಯಿತು. ಹೆಡ್‌ಫೋನಿನಲ್ಲಿ ಕಾಳು ಒಡೆಯುವ ಕಟಕಟ, ನನ್ನ ಕಿವಿಯನ್ನೇ ಕುಕ್ಕುವಷ್ಟು ಹತ್ತಿರ. ಟೇಪು ಮುಗಿಯುವ ಹೊತ್ತಿಗೆ ಅಂಚಿನ ಸಾಲುಗಳಲ್ಲಿ ಬರೀ ದಂಟು. ಅವಳು ಇಳಿದು ಬಂದು, ಬರಿದಾದ ತೆನೆಯೊಂದನ್ನು ಮುರಿದು ನನ್ನ ಕೈಗಿಟ್ಟಳು.

“ತಕೋ, ಇದ್ನೂ ರೆಕಾಟ್ ಮಾಡ್ಕೊಂಡೋಗು.”

ಮೇಷ್ಟ್ರು ಮಾತುಗಳನ್ನೆಲ್ಲ ಕತ್ತರಿಸಿ, ಉಳಿದದ್ದನ್ನು ‘ಮನುಷ್ಯ ಮುಟ್ಟದ ದನಿ’ ಎಂದು ಊರೂರಲ್ಲಿ ಕೇಳಿಸಿದರು. ಶಾಲು, ಚಪ್ಪಾಳೆ. ಮೂಲ ಕ್ಯಾಸೆಟ್ ನನ್ನ ಟ್ರಂಕಿನಲ್ಲಿತ್ತು. ಅವರ ಗದರಿಕೆಯನ್ನು ಅವರ ಶಾಲಿನ ಮುಂದೆಯೇ ಕೇಳಿಸಬೇಕು: ಆ ಒಂದು ಆಸೆಯಿಂದ ಎಷ್ಟೋ ನಮಸ್ಕಾರಗಳನ್ನು ಅವರಿಗೆ ಮಾಡಿದೆ. ಟೇಪು ಸವೆದೀತೆಂದು ಒಮ್ಮೆಯೂ ಮತ್ತೆ ಹಾಕಿ ಕೇಳಿರಲಿಲ್ಲ.

ಸಭೆಯಲ್ಲಿ, ಮೇಷ್ಟ್ರ ಮೆಚ್ಚಿನ ಧ್ವನಿಮುದ್ರಣ ಎಂದು ಹೇಳಿ ಗುಂಡಿ ಒತ್ತಿದೆ. ಡಬ್ಬ. ‘ಹೋಯ್’. ಆಮೇಲೆ ಎಳೆಯ, ಉರಿಯುವ ಒಂದು ದನಿ.

“ಏಯ್, ಬಾಯ್ಮುಚ್ಕೊಂಡು ಕೂತ್ಕೊಳಮ್ಮ! ಅರ್ಧ ಗಂಟೆ!”

ನನ್ನದು. ಅದರ ಹಿಂದೆ ಮೇಷ್ಟ್ರ ನಗು. ಆಮೇಲೆ ಅವಳ ಪ್ರಶ್ನೆ.

ಸಭೆಯಲ್ಲಿ ಯಾರೋ ಕೆಮ್ಮಿದರು. ಮೇಷ್ಟ್ರು ನನ್ನನ್ನೇ ನೋಡಿದರು. ಅವರಿಗೆ ಎಲ್ಲವೂ ನೆನಪಿತ್ತು.

“ಸಾಕು, ಆರಿಸಯ್ಯ. ನಿನ್ ಮಾನಾನೂ ಹೋಗುತ್ತೆ.”

ಗುಂಡಿಯತ್ತ ಚಾಚಿದ ಅವರ ಕೈಯನ್ನು ಹಿಡಿದುಕೊಂಡೆ. ಬಿಡಲಿಲ್ಲ.

“ಅರ್ಧ ಗಂಟೆ ಸಾರ್. ಸುಮ್ನಿರಿ.”

ಗಿಳಿಗಳು ಇಳಿಯತೊಡಗಿದವು.