ಅಪ್ಪನ ಕಪ್ಪು ನಾಣ್ಯಗಳು

ಕಾಲ ಎಲ್ಲವನ್ನೂ ತೊಳೆಯುತ್ತದೆ ಎಂಬಂಥ ಸಾಲೊಂದನ್ನು ಎಲ್ಲೋ ಓದಿದ್ದೆ. ನಿಜವೇ ಸ್ನೇಹಿತರೇ? ಕಾಲ ಬೆಳ್ಳಿಯನ್ನು ಕಪ್ಪು ಮಾಡುತ್ತದೆ, ತೊಳೆಯುವವರು ನಾವು.

ಹಳೆಯ ಬೆಳ್ಳಿ ನಾಣ್ಯಕ್ಕೆ ಆ ಕಪ್ಪೇ ಬೆಲೆ ಎನ್ನುತ್ತಿದ್ದ ಅಪ್ಪ, ತಮ್ಮ ಸಂಗ್ರಹವನ್ನು ಕೊನೆಯವರೆಗೂ ಯಾರಿಗೂ ಮುಟ್ಟಗೊಡಲಿಲ್ಲ. ಇಂದು ನಾನು ಹಂಪನಕಟ್ಟೆ ಪೇಟೆಯಿಂದ ಬರುವಷ್ಟರಲ್ಲಿ ಅಮ್ಮ ಅಷ್ಟನ್ನೂ ಹುಣಸೆಹುಳಿ ಹಾಕಿ ಉಜ್ಜಿ, ಮೈ ಒರೆಸುವ ಬೈರಾಸಿನ ಮೇಲೆ ಒಣಗಲು ಹರಡಿದ್ದರು.

"ಎಂತ ಮಾಡಿದ್ದಮ್ಮ ಇದು?"

"ನಾಳೆ ಅವರ ವರ್ಷಾಂತಿಕ ಅಲ್ವಾ? ಅವರ ಹೆಸರಲ್ಲಿ ಬಡಿಸುವಾಗ ಎಲೆಯ ಹತ್ತಿರ ಅವರಿಗೆ ಇಷ್ಟದ್ದು ಇಡಬೇಕು. ಕರಿ ಹಿಡಿದದ್ದು ಇಡುವುದು ಹೇಗೆ ಮಗಾ? ನಾನು ಇವತ್ತೇ ಮೊದಲು ಅದನ್ನು ಮುಟ್ಟಿದ್ದು."

ಅಮ್ಮನ ಬೆರಳುಗಳು ಹುಳಿಯಲ್ಲಿ ನೆನೆದು ಸುಕ್ಕಾಗಿದ್ದವು.

ಪಕ್ಕದ ಮನೆಯ ಶಾರದಕ್ಕ ಬಾಗಿಲಲ್ಲೇ ನಿಂತು ನೋಡಿದರು. "ಎಷ್ಟು ಚಂದ ಹೊಳೀತಾ ಉಂಟು. ಅವರು ಇರ್ತಿದ್ರೆ ಎಷ್ಟು ಖುಷಿಪಡ್ತಿದ್ರೋ."