ಚೀಟಿ ಮೇಷ್ಟ್ರ ಮೂರನೇ ಸಾಲು

ನನ್ನ ಬಾಯಿ ದೊಡ್ಡದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದೆಲ್ಲ ಈ ಬಾಯಿಂದಲೇ. ಮೂವತ್ತೊಂದು ವರ್ಷ ಬಸ್ಸು ಓಡಿಸಿದೆ. ಡಿಪೋದಲ್ಲಿ ಯಾರೂ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಹಾರ್ನ್ ಅಣ್ಣ ಅನ್ನುತ್ತಾರೆ. ಎಡಗಣ್ಣು ಮಂಜಾದ ಮೇಲೆ ಡಾಕ್ಟರು ಸ್ಟೀರಿಂಗ್ ಬಿಡಿಸಿದರು. ಈಗ ಡಿಪೋ ಗೇಟಿನ ಪಕ್ಕದ ಗೂಡಿನಲ್ಲಿ ಕೂತು ಯಾವ ಗಾಡಿ ಎಷ್ಟು ಹೊತ್ತಿಗೆ ಒಳಗೆ ಬಂತು, ಎಷ್ಟು ಹೊತ್ತಿಗೆ ಹೊರಟಿತು ಎಂದು ರಿಜಿಸ್ಟರಿನಲ್ಲಿ ಬರೆಯುತ್ತೇನೆ. ಆದರೆ ನಾನು ಹೇಳಹೊರಟಿರುವುದು ನನ್ನ ಬಗ್ಗೆ ಅಲ್ಲ, ಚೀಟಿ ಮೇಷ್ಟ್ರ ಬಗ್ಗೆ. ಅವರಿಗೆ ನಾನು ಮಾಡಿದ್ದನ್ನು ಬಿಟ್ಟು ಅವರ ಬಗ್ಗೆ ಹೇಳಲು ನನಗೆ ಬಾಯಿಲ್ಲ, ಅದಕ್ಕೇ ನಾನೂ ನಡುನಡುವೆ ಬರುತ್ತೇನೆ.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಡಿಪೋದಿಂದ ಎರಡು ತಿರುವು ದಾಟಿದರೆ ಮೂರು ಮಹಡಿಯ ಒಂದು ಕಟ್ಟಡ ಇದೆ. ಅದರ ಮೆಟ್ಟಿಲ ಕೆಳಗೆ ಅವರ ಅಂಗಡಿ. ಹಳೇ ಕಂಪ್ಯೂಟರ್ ರಿಪೇರಿ ಮಾಡುತ್ತಾರೆ, ಹಳೇ ಬಿಡಿಭಾಗ ಮಾರುತ್ತಾರೆ. ಒಳಗೆ ಹೋಗುವವರು ತಲೆ ಬಗ್ಗಿಸಬೇಕು. ಬಗ್ಗಿಸದಿದ್ದರೆ ಮೆಟ್ಟಿಲೇ ಬುದ್ಧಿ ಕಲಿಸುತ್ತದೆ. ಒಂದು ಟ್ಯೂಬ್‌ಲೈಟು, ಒಂದು ಗಾಜಿನ ಕಪಾಟು, ಬೀದಿಗೆ ಮುಖ ಮಾಡಿದ ಒಂದು ಮೇಜು, ಗಿರಾಕಿಗಳಿಗೆ ಒಂದು ಬೆಂಚು. ಸ್ಕ್ರೂಗಳನ್ನು ಮೊಟ್ಟೆಯ ಟ್ರೇನಲ್ಲಿ ಅಳತೆಗೆ ತಕ್ಕಂತೆ ಇಟ್ಟಿರುತ್ತಾರೆ. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದರಂತೆ, ಆಮೇಲೆ ಟಿವಿ, ಟಿವಿ ಕೆಟ್ಟರೆ ಜನ ಹೊಸದು ತರುವ ಕಾಲ ಬಂದ ಮೇಲೆ ಕಂಪ್ಯೂಟರ್. ಮದುವೆ ಆಗಿಲ್ಲ. ಮಧ್ಯಾಹ್ನ ಅಕ್ಕ ಊಟದ ಡಬ್ಬಿ ತರುತ್ತಾರೆ. ತಮ್ಮ ಉಂಡು ಮುಗಿಸುವವರೆಗೆ ಬೆಂಚಿನ ತುದಿಯಲ್ಲಿ ಕೂತು ಬಂದುಹೋಗುವವರನ್ನೆಲ್ಲ ಕಣ್ಣಲ್ಲೇ ತೂಗುತ್ತಾರೆ.

ಮಾರುವ ಪ್ರತಿ ಹಳೇ ಸಾಮಾನಿಗೂ ಅವರು ಒಂದು ಚೀಟಿ ಅಂಟಿಸುತ್ತಾರೆ. ಅದರಲ್ಲಿ ಬರೆಯುವುದು ಸಾಮಾನಿನ ಹೆಚ್ಚುಗಾರಿಕೆಯಲ್ಲ, ಅದರ ಕುಂದು. ಈ ಕೀಬೋರ್ಡಿನ ಎಂಟನೇ ಅಂಕಿ ಗಟ್ಟಿಯಾಗಿ ಒತ್ತಬೇಕು. ಈ ಮಾನಿಟರಿನ ಬಲ ಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ ಇದೆ. ಕಾಪಿ ಪುಸ್ತಕದಂಥ ದುಂಡು ಅಕ್ಷರ. ಅದಕ್ಕೇ ಚೀಟಿ ಮೇಷ್ಟ್ರು ಎಂದು ಹೆಸರು ಬಿದ್ದದ್ದು. ಯಾಕ್ರೀ ಹೀಗೆ ಬರೀತೀರಾ ಎಂದು ಒಮ್ಮೆ ಕೇಳಿದ್ದೆ.

"ಮರೆವು ಸಾರ್ ನಂಗೆ. ಯಾರಿಗೆ ಏನ್ ಹೇಳ್ದೆ ಅಂತ ನೆನಪಿರಲ್ಲ. ಬರೆದ್ಬಿಟ್ರೆ ಚಿಂತೆ ಇಲ್ಲ," ಎಂದಿದ್ದರು.

ಅವರ ಅಂಗಡಿಗೆ ಬೋರ್ಡು ಕೂಡ ಇರಲಿಲ್ಲ. ಇದ್ದದ್ದು ಆ ಚೀಟಿಯ ಮೇಲಿನ ನಂಬಿಕೆ ಒಂದೇ. ಅದರ ಬಲದಿಂದಲೇ ನಮ್ಮ ಡಿಪೋದ ಹೆಡ್ ಕ್ಲರ್ಕ್ ಮೇಡಂ ಆಫೀಸಿನ ಹನ್ನೆರಡು ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸವನ್ನು ಅವರಿಗೇ ಕೊಡಬೇಕೆಂದಿದ್ದರು. ಅದು ಸಿಕ್ಕಿದ್ದರೆ ಮೆಟ್ಟಿಲ ಕೆಳಗಿಂದ ಹೊರಗೆ ಬಂದು ನೆಟ್ಟಗೆ ನಿಲ್ಲುವಂಥ ಒಂದು ಅಂಗಡಿ ಹಿಡಿಯಬಹುದಿತ್ತು. ಅಕ್ಕ ಎಲ್ಲರ ಹತ್ತಿರ ಅದನ್ನೇ ಹೇಳುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಗ್ರಾಫಿಕ್ಸ್ ಕಾರ್ಡಿಗಾಗಿ, ಅಂದರೆ ಕಂಪ್ಯೂಟರಿನ ಪರದೆಗೆ ಚಿತ್ರ ಕಳಿಸುವ ಬಿಡಿಭಾಗಕ್ಕಾಗಿ. ಮಗಳು ಓದುವಾಗ ತೆಗೆದುಕೊಟ್ಟ ಕಂಪ್ಯೂಟರ್ ಮನೆಯಲ್ಲಿ ಧೂಳು ತಿನ್ನುತ್ತಿತ್ತು. ಅದರಲ್ಲಿ ಬಸ್ಸು ಓಡಿಸುವ ಆಟ ಒಂದನ್ನು ಹಾಕಿಸಿಕೊಂಡಿದ್ದೆ. ಐವತ್ತು ದಾಟಿದವನಿಗೆ ಆಟವೇನು ಅಂತ ನೀವು ನಗಬಹುದು. ನಗಿ. ಸ್ಟೀರಿಂಗ್ ಹಿಡಿಯದೆ ನನ್ನ ಕೈ ಸುಮ್ಮನೆ ಇರುತ್ತಿರಲಿಲ್ಲ. ಆದರೆ ಆ ಬಸ್ಸು ಓಡುತ್ತಿರಲಿಲ್ಲ, ಕುಪ್ಪಳಿಸುತ್ತಿತ್ತು. ತಿರುವಿನಲ್ಲಿ ಒಂದು ದೀಪದ ಕಂಬದ ಹತ್ತಿರ ಇದ್ದದ್ದು ಕಣ್ಣು ಮಿಟುಕಿಸುವುದರಲ್ಲಿ ಮುಂದಿನ ಕಂಬಕ್ಕೆ ಗುದ್ದಿ ನಿಂತಿರುತ್ತಿತ್ತು. ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದರು. ಹೊಲಿಗೆ ಹೊಲಿಯುವ ನನ್ನ ಹೆಂಡತಿ, "ಇಷ್ಟರೊಳಗೆ ಮುಗಿಸಿ, ಒಂದು ಕಾಸು ಮೇಲಾದ್ರೂ ನನ್ನ ಕೇಳ್ಬೇಡಿ," ಎಂದು ಒಂದು ಮೊತ್ತ ಹೇಳಿದಳು.

ದೊಡ್ಡ ಅಂಗಡಿಯ ಗಾಜಿನೊಳಗೆ ಮೂರು ಫ್ಯಾನಿನ ಹೊಸ ಕಾರ್ಡ್ ನೋಡಿ ನನ್ನ ಬಾಯಲ್ಲಿ ನೀರೂರಿತ್ತು. ಮೇಷ್ಟ್ರು ಅದರ ಹೆಸರು ಕೇಳಿ ಬೇಡ ಎಂದು ತಲೆಯಾಡಿಸಿದರು. "ಮೊದ್ಲು ಮನೇಗೆ ಹೋಗಿ ಮಾನಿಟರ್ ಅಳೆದು ಬನ್ನಿ. ಪವರ್ ಸಪ್ಲೈ ಡಬ್ಬಿ ಮೇಲೆ ಎಷ್ಟು ವ್ಯಾಟ್ ಅಂತ ಇರುತ್ತೆ, ಬರ್ಕೊಳ್ಳಿ. ಪೆಟ್ಟಿಗೆ ಒಳಗೆ ಎಷ್ಟು ಉದ್ದ ಜಾಗ ಇದೆ ಅಂತಾನೂ ನೋಡಿ."

ಹೆಂಡತಿಯ ಟೇಪಿನಲ್ಲೇ ಅಳೆದುಕೊಂಡು ಹೋದೆ.

"ನೀವು ಹೇಳೋ ಕಾರ್ಡ್ ಈ ಪೆಟ್ಟಿಗೇಲಿ ಹಿಡಿಸೋದೇ ಇಲ್ಲ. ಪವರ್ ಸಪ್ಲೈನೂ ಬದಲಾಯಿಸ್ಬೇಕು. ಅಷ್ಟೆಲ್ಲ ಮಾಡಿದ್ರೂ ಈ ಚಿಕ್ಕ ಮಾನಿಟರ್‌ಗೆ ಅದರ ಅರ್ಧ ಶಕ್ತಿ ದಂಡ. ಇಬ್ಬರು ಪ್ಯಾಸೆಂಜರ್‌ಗೆ ಅಂತ ಇಡೀ ಬಸ್ ಓಡಿಸ್ತೀರಾ ಸಾರ್?"

ಕಪಾಟಿನಿಂದ ಒಂದು ಹಳೇ ಕಾರ್ಡ್ ತೆಗೆದರು. ನಮ್ಮ ಮೊತ್ತದೊಳಗೇ ಇತ್ತು, ಇನ್ನೂ ಸ್ವಲ್ಪ ಉಳಿಯುತ್ತಿತ್ತು. ಚೀಟಿಯಲ್ಲಿ ಎರಡು ಸಾಲು. "ಮೂರು ವರ್ಷ ಬಳಸಿದ್ದು. ಫ್ಯಾನ್ ಮೊದಲ ಎರಡು ನಿಮಿಷ ಗೊರಗೊರ ಅನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ." ಕಂಪ್ಯೂಟರ್ ತನ್ನಿ, ನಾನೇ ಕೂರಿಸಿಕೊಡ್ತೀನಿ, ಅದಕ್ಕೆ ದುಡ್ಡು ಬೇಡ ಎಂದರು. ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿದವನು ನಾನು, ಇದೇನ್ ಮಹಾ ಎಂದು ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಕೂರಿಸಿದೆ. ಫ್ಯಾನು ಚೀಟಿಯಲ್ಲಿ ಬರೆದಂತೆಯೇ ಎರಡು ನಿಮಿಷ ಗೊಣಗಿ ಸುಮ್ಮನಾಯಿತು. ಆಟ ಹಾಕಿದೆ. ಬಸ್ಸು ಹಾಗೇ ಕುಪ್ಪಳಿಸಿತು. ಆರಿಸಿ ಮತ್ತೆ ಹಾಕಿದೆ. ಕಾರ್ಡನ್ನು ಬಿಚ್ಚಿ ಊದಿ ಮತ್ತೆ ಕೂರಿಸಿದೆ. ಎಳ್ಳಷ್ಟೂ ವ್ಯತ್ಯಾಸ ಇಲ್ಲ. ನನ್ನ ನೆತ್ತಿ ಕಾಯಿತು.

"ಒಂದ್ಸಲ ಅವರನ್ನೇ ಕೇಳಿ ನೋಡಿ," ಎಂದಳು ಹೆಂಡತಿ.

"ಕೇಳ್ದೆ ಬಿಡ್ತೀನಾ?" ಎಂದೆ.

ಮರುದಿನ ಮಧ್ಯಾಹ್ನ ಕಾರ್ಡ್ ಬಿಚ್ಚಿಕೊಂಡು ಹೋದೆ. ಬೆಂಚು ತುಂಬ ಜನ ಇದ್ದರು. ಒಂದು ತುದಿಯಲ್ಲಿ ಅಕ್ಕ ಡಬ್ಬಿ ಹಿಡಿದು ಕೂತಿದ್ದರು, ಅವರ ಪಕ್ಕ ಹೆಡ್ ಕ್ಲರ್ಕ್ ಮೇಡಂ ಆ ಹನ್ನೆರಡು ಕಂಪ್ಯೂಟರುಗಳ ಫೈಲು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅದೆಲ್ಲ ನನ್ನ ಕಣ್ಣಿಗೆ ಬಿತ್ತು. ಬಿದ್ದೂ ಬಾಯಿ ನಿಲ್ಲಲಿಲ್ಲ. ಇನ್ನೂ ಹೇಳಬೇಕೆಂದರೆ, ಜನ ಇದ್ದದ್ದಕ್ಕೇ ಹುರುಪು ಬಂತು.

"ಏನ್ರೀ, ಸತ್ತ ಕಾರ್ಡ್ ನನ್ನ ತಲೆಗೆ ಕಟ್ಟಿದ್ದೀರಾ?"

ಅವರು ಎದ್ದು ನಿಂತರು. "ಮಾನಿಟರ್ ಕೇಬಲ್ ಎಲ್ಲಿಗೆ ಹಾಕಿದ್ರಿ ಸಾರ್?"

"ಎಲ್ಲಿತ್ತೋ ಅಲ್ಲೇ ಇದೆ. ನಂಗೇ ಪಾಠ ಹೇಳೋಕೆ ಬರ್ತೀರಾ? ನೀವು ಹುಟ್ಟಿಸಿಕೊಂಡಿರೋ ಈ ಚೀಟಿ ನಾಟಕ ಎಲ್ಲ ನಂಗೆ ಗೊತ್ತಾಯ್ತು ಬಿಡಿ. ಸಣ್ಣ ತಪ್ಪು ಬರೆದು ದೊಡ್ಡ ಮೋಸ ಮುಚ್ಚೋದು."

"ಹಾಗಲ್ಲ ಸಾರ್, ನಾನು ಮನೆಗೆ ಬಂದು ಒಂದ್ಸಲ..."

"ಮೋಸಗಾರರಿಗೆ ನಮ್ಮನೇಲಿ ಕೆಲಸ ಇಲ್ಲ."

ಅವರು ನನ್ನ ಕೈಯಿಂದ ಕಾರ್ಡ್ ತೆಗೆದುಕೊಂಡು ಮೇಜಿನ ಮೇಲಿಟ್ಟರು. ಡ್ರಾಯರ್ ಎಳೆದು ನನ್ನ ದುಡ್ಡು ಪೂರ್ತಿ ವಾಪಸು ಕೊಟ್ಟರು. ಅಕ್ಕ ಡಬ್ಬಿಯ ಮುಚ್ಚಳ ಹಾಕಿದರು. ತಮ್ಮ ಇನ್ನೂ ಅರ್ಧ ಊಟವನ್ನೂ ಮಾಡಿರಲಿಲ್ಲ. ಮೇಡಂ ಫೈಲನ್ನು ಬ್ಯಾಗಿನೊಳಗೆ ಇಟ್ಟುಕೊಂಡು, ಆಮೇಲೆ ನೋಡೋಣ ಎಂದು ಹೊರಟರು. ನಾನು ಗೆದ್ದವನ ಹಾಗೆ ಬೀದಿಗಿಳಿದೆ. ವಾರವಿಡೀ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಇದೇ ಕಥೆ. ಹೇಳಿದಾಗಲೆಲ್ಲ ಒಂದಿಷ್ಟು ಉಪ್ಪು ಖಾರ ಸೇರಿಸಿದೆ.

ಬೈದ ಮರುದಿನವೇ ಸಂಜೆ ಮೇಷ್ಟ್ರು ನಮ್ಮ ಮನೆಗೆ ಬಂದರು. ಕಿಟಕಿಯಿಂದ ನೋಡಿ, ಮನೇಲಿಲ್ಲ ಅನ್ನು ಎಂದು ಹೆಂಡತಿಗೆ ಹೇಳಿದೆ. ಅವಳು ಬಾಗಿಲಲ್ಲಿ ನಿಂತು ಹಾಗೇ ಹೇಳಿ ಕಳಿಸಿದಳು.

"ಏನೋ ಕೇಬಲ್ ವಿಷಯ ಹೇಳ್ಬೇಕಿತ್ತಂತೆ ರೀ."

"ಇಟ್ಕೊಳ್ಳಲಿ," ಎಂದೆ.

ಮೂರು ವಾರ ಬಿಟ್ಟು, ಹೆಂಡತಿಯ ಮುಖ ನೋಡದೆ, ದೊಡ್ಡ ಅಂಗಡಿಯಲ್ಲಿ ಹೊಸ ಕಾರ್ಡನ್ನೇ ತೆಗೆದುಕೊಂಡೆ. ಮೂರು ಫ್ಯಾನಿನದಲ್ಲ, ಪೆಟ್ಟಿಗೆಗೆ ಹಿಡಿಸುವಂಥದ್ದು. ಆದರೂ ಅವಳು ಹೇಳಿದ ಮೊತ್ತದ ಒಂದೂವರೆ ಪಟ್ಟು ಆಯಿತು. ಕೂರಿಸಲು ಅಂಗಡಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಚುರುಕಾದ ಕೈ. ಕಾರ್ಡ್ ಕೂರಿಸಿದಳು, ಪೆಟ್ಟಿಗೆಯ ಹಿಂದೆ ಮೇಲಿನ ಕಿಂಡಿಯಲ್ಲಿದ್ದ ಮಾನಿಟರ್ ಕೇಬಲನ್ನು ಕಿತ್ತು ಕೆಳಗೆ, ಕಾರ್ಡಿನ ಕಿಂಡಿಗೇ ಚುಚ್ಚಿದಳು.

"ಅದ್ಯಾಕೆ ಕಿತ್ತೆ?" ಎಂದೆ.

"ಮೇಲಿಂದು ಕಂಪ್ಯೂಟರ್‌ನ ಹಳೇ ದಾರಿ ಅಂಕಲ್. ಕೇಬಲ್ ಅಲ್ಲೇ ಇದ್ರೆ ಕಾರ್ಡ್ ಹಾಕಿದ್ರೂ ಒಂದೇ, ಬಿಟ್ರೂ ಒಂದೇ. ಪಾಪ, ಅದರ ಪಾಡಿಗೆ ಅದು ಸುಮ್ನೆ ಕೂತಿರುತ್ತೆ."

ಎರಡೂ ಕಿಂಡಿ ಒಂದೇ ಆಕಾರದವು. ಅವಳು ಹೋದ ಮೇಲೆ ಬಸ್ಸು ಒಂದು ಸಲವೂ ಕುಪ್ಪಳಿಸದೆ ತಿರುವು ದಾಟಿತು. ನಾನು ಆಟ ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಎಳೆದುಕೊಂಡೇ ಗಾಡಿ ಓಡಿಸಿ, ಎಂಜಿನ್ ಸರಿಯಿಲ್ಲ ಎಂದು ಕೂಗಾಡಿದ ಹೊಸ ಡ್ರೈವರುಗಳನ್ನು ನಾನು ಎಷ್ಟು ಆಡಿಕೊಂಡಿಲ್ಲ. ಹೆಂಡತಿ ಹೊಲಿಗೆ ಮೆಷಿನ್ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಏನಾದರೂ ಅಂದಿದ್ದರೆ ತಿರುಗಿ ಎರಡು ಮಾತು ಅಂದು ಹಗುರಾಗುತ್ತಿದ್ದೆನೋ ಏನೋ.

ಮಾರನೆಯ ದಿನವೇ ಹೋಗಿ ತಪ್ಪಾಯ್ತು ಅನ್ನಬೇಕಿತ್ತು. ಹೋಗಲಿಲ್ಲ. ನಾಚಿಕೆ ಎಂದರೆ ಏನೆಂದು ಆ ವಯಸ್ಸಿನಲ್ಲಿ ಕಲಿತೆ. ಅಂಗಡಿಯ ಮುಂದಿನ ದಾರಿ ಬಿಟ್ಟು ಹಿಂದಿನ ಬೀದಿಯಿಂದ ಮನೆಗೆ ಹೋಗತೊಡಗಿದೆ. ಇಪ್ಪತ್ತು ನಿಮಿಷ ಸುತ್ತು. ನಡಿಗೆ ಒಳ್ಳೇದು ಅಂತ ಡಾಕ್ಟರು ಹೇಳಿದಾರೆ ಎಂದು ಹೆಂಡತಿಗೆ ಹೇಳಿದೆ. ಹೀಗೇ ಒಂದು ತಿಂಗಳು ಕಳೆಯುವುದರಲ್ಲಿ ಒಂದು ಸೋಮವಾರ ಡಿಪೋ ಗೇಟಿಗೆ ಯಾವುದೋ ಕಂಪನಿಯ ವ್ಯಾನು ಬಂತು. ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವವರಂತೆ. ಒಳಗೆ ಬಂದ ಹೊತ್ತು ನಾನೇ ಬರೆದೆ. ಮುಂದಿನ ಸೋಮವಾರವೂ ಬರೆದೆ. ಅದರ ಮುಂದಿನದಕ್ಕೂ ಬರೆದೆ.

ಕೊನೆಗೆ ನನ್ನನ್ನು ಎಬ್ಬಿಸಿದ್ದು ಹೆಂಡತಿಯ ಒಂದು ಮಾತು. ಏನೋ ದಾರ ಕತ್ತರಿಸುತ್ತ, ನನ್ನ ಕಡೆ ನೋಡದೆ ಅಂದಳು: "ಅವತ್ತು ಮೇಷ್ಟ್ರು ಬಂದಾಗ ನಿಮ್ಮ ಚಪ್ಪಲಿ ಬಾಗಿಲಲ್ಲೇ ಇತ್ತು. ಅವರು ನೋಡಿದ್ರು. ನೋಡಿ, ಸರಿ ತಾಯಿ ಅಂತ ಹೇಳಿ ಹೋದ್ರು. ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ರಲ್ಲ, ಅದು ನಂಗಿನ್ನೂ ಚುಚ್ತಾ ಇದೆ."

ಮರುದಿನ ಹೋದೆ. ಬೆಂಚಿನ ಮೇಲೆ ಇಬ್ಬರಿದ್ದರು, ಅಕ್ಕನೂ ಇದ್ದರು. ಎದುರಿನ ಗೋಡೆಗೆ ಒರಗಿ ನಿಂತೆ. ಅಕ್ಕ ಹೋದರು. ಒಬ್ಬ ಗಿರಾಕಿ ಹೋದ. ಇನ್ನೊಬ್ಬನೂ ಹೋದ ಮೇಲೆ ತಲೆ ಬಗ್ಗಿಸಿ ಒಳಗೆ ಕಾಲಿಟ್ಟೆ.

"ನಿಮ್ಮ ಕಾರ್ಡ್ ಚೆನ್ನಾಗೇ ಇತ್ತು," ಎಂದೆ. "ಕೇಬಲ್ ನಾನೇ ತಪ್ಪು ಕಡೆ ಬಿಟ್ಟಿದ್ದೆ."

"ಗೊತ್ತು ಸಾರ್. ಅವತ್ತೇ ಸಂಜೆ ಹಾಕಿ ನೋಡ್ದೆ. ಚೆನ್ನಾಗಿ ಓಡ್ತು."

"ತಪ್ಪಾಯ್ತು."

"ನಂದೂ ತಪ್ಪಿದೆ. ಎಲ್ಲರಿಗೂ ಗೊತ್ತಿರುತ್ತೆ ಅಂದ್ಕೊಂಡು ಅದನ್ನ ಬರೆದಿರ್ಲಿಲ್ಲ." ಕಪಾಟಿನ ಕಡೆ ಕೈ ತೋರಿಸಿದರು. ಅದೇ ಕಾರ್ಡ್ ಅಲ್ಲೇ ಇತ್ತು, ಮಾರಾಟವಾಗಿರಲಿಲ್ಲ. ಚೀಟಿಯಲ್ಲಿ ದುಂಡು ಅಕ್ಷರದ ಮೂರನೇ ಸಾಲು ಸೇರಿತ್ತು. "ಮಾನಿಟರ್ ಕೇಬಲನ್ನು ಈ ಕಾರ್ಡಿಗೇ ಚುಚ್ಚಬೇಕು, ಮೇಲಿನ ಕಿಂಡಿಗಲ್ಲ." ಕಪಾಟಿನಲ್ಲಿದ್ದ ಬೇರೆ ಕಾರ್ಡುಗಳ ಚೀಟಿಯಲ್ಲೂ ಅದೇ ಸಾಲು.

ನನ್ನ ಎದೆ ಹಗುರಾಯಿತು. ಛೀ, ಎಷ್ಟು ಬೇಗ ಹಗುರಾಯಿತು. "ಹಾಗಾದ್ರೆ ಮನಸ್ಸಲ್ಲಿ ಏನೂ ಇಟ್ಕೋಬೇಡಿ, ಬರ್ಲಾ?" ಎಂದೆ.

ಅವರು ಟ್ರೇನಿಂದ ಒಂದು ಸ್ಕ್ರೂ ಆರಿಸಿಕೊಂಡರು. "ಅವತ್ತು ಬೆಂಚ್ ತುಂಬಾ ಜನ ಇದ್ರು ಸಾರ್. ಇವತ್ತು ಅವರೆಲ್ಲ ಹೋಗ್ಲಿ ಅಂತ ಎದುರುಗಡೆ ಕಾಯ್ತಾ ನಿಂತಿದ್ರಿ. ಇಲ್ಲಿಂದ ಎಲ್ಲಾ ಕಾಣುತ್ತೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಫ್ಯಾನು ಎರಡು ನಿಮಿಷ ಗೊರಗೊರ ಅನ್ನುತ್ತದೆ ಎಂದು ಬರೆಯುತ್ತಾರಲ್ಲ, ಹಾಗೆ ಇದ್ದದ್ದನ್ನು ಇದ್ದಹಾಗೆ ಹೇಳಿದರು. ಹೊರಗೆ ಬರುವ ಅವಸರದಲ್ಲಿ ಮೆಟ್ಟಿಲಿಗೆ ತಲೆ ಹೊಡೆಸಿಕೊಂಡೆ. ನೋವು ಆಯಿತು ಎಂದು ಹೇಳುವ ಮುಖವೂ ನನಗಿರಲಿಲ್ಲ.

ಮರುದಿನ ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ವಿಶ್ರಾಂತಿ ಕೋಣೆಗೆ ಹೋದೆ. ಬರುವವರು, ಹೋಗುವವರು ಸೇರಿ ಮೂವತ್ತು ಜನ ಇದ್ದರು. ಡ್ಯೂಟಿ ಪಟ್ಟಿ ಅಂಟಿಸಲು ಹೆಡ್ ಕ್ಲರ್ಕ್ ಮೇಡಂ ಬಂದಿದ್ದರು. ಅವರು ಬರುವ ಹೊತ್ತು ನೋಡಿಕೊಂಡೇ ಹೋಗಿದ್ದೆ. ನನ್ನ ದೊಡ್ಡ ಬಾಯಿ ಅವತ್ತು ಏಳಲೇ ಇಲ್ಲ, ಎರಡು ಸಲ ಕೆಮ್ಮಿದೆ. ಆಮೇಲೆ ಎಲ್ಲ ಹೇಳಿದೆ. ಕೇಬಲ್ಲು, ಬೈಗುಳ, ಬಾಗಿಲಲ್ಲಿದ್ದ ಚಪ್ಪಲಿ, ಎದುರಿನ ಗೋಡೆ. ಮೇಷ್ಟ್ರು ನನಗೆ ಮೋಸ ಮಾಡಲಿಲ್ಲ, ಮೋಸಗಾರ ಎಂದು ಊರೆಲ್ಲ ಸಾರಿದವನು ನಾನು ಎಂದೆ.

"ಹಾರ್ನ್ ಅಣ್ಣ ಹ್ಯಾಂಡ್‌ಬ್ರೇಕ್ ಹಾಕ್ಕೊಂಡೇ ರೂಟ್ ಮುಗಿಸಿದಾರೆ," ಎಂದ ಒಬ್ಬ ಕಂಡಕ್ಟರ್. ಕೋಣೆಯೆಲ್ಲ ನಕ್ಕಿತು. ನಾನೂ ನಗಬೇಕೆಂದು ನೋಡಿದೆ, ಆಗಲಿಲ್ಲ. ಮೇಡಂ ನಗಲಿಲ್ಲ. ಪಟ್ಟಿಯ ನಾಲ್ಕು ಮೂಲೆಗೂ ಗೋಂದು ಒತ್ತಿ ತಿರುಗಿದರು.

"ಇದು ನಿಮಗೆ ಗೊತ್ತಾಗಿ ಎಷ್ಟು ದಿನ ಆಯ್ತು?"

"ಎರಡು ತಿಂಗಳು ಮೇಡಂ."

"ನಾನು ಆ ಫೈಲ್ ಕೈಯಲ್ಲೇ ಇಟ್ಕೊಂಡಿದ್ದೆ. ಯಾರಾದ್ರೂ ಒಂದು ಒಳ್ಳೇ ಮಾತು ಹೇಳಿದ್ರೆ ಅವರಿಗೇ ಕೊಡೋಣ ಅಂತ. ಬೇರೆಯವರಿಗೆ ಬರೆದುಕೊಟ್ಟಿದ್ದು ಹೋದ ತಿಂಗಳು. ಇನ್ನು ಒಂದು ವರ್ಷ ಏನೂ ಮಾಡೋಕಾಗಲ್ಲ." ನಗು ನಿಂತಿತ್ತು. "ಗೊತ್ತಾದ್ಮೇಲೂ ಎರಡು ತಿಂಗಳು ಏನ್ ಮಾಡ್ತಿದ್ರಿ?"

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಹಿಂದಿನ ಬೀದಿಯಿಂದ ಸುತ್ತು ಹಾಕ್ಕೊಂಡು ಮನೆಗೆ ಹೋಗ್ತಿದ್ದೆ," ಎಂದೆ.