ಮಲ್ಪೆಗೆ ಕಳಿಸಿದ ಗಾಳದ ಕೋಲು

ಓದುವ ಎಲ್ಲರಿಗೂ ನಮಸ್ಕಾರ. ನಾನು ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ, ರಾತ್ರಿ ಶಾಲೆಯಲ್ಲಿ. ಇದನ್ನು ಒಂದೇ ಬೆರಳಿನಲ್ಲಿ ಟೈಪು ಮಾಡುತ್ತಿದ್ದೇನೆ. ಒತ್ತು, ದೀರ್ಘ ತಪ್ಪಿದ್ದರೆ ನಿಮ್ಮ ಮನೆಯ ಹಿರಿಯನೊಬ್ಬನ ತಪ್ಪೆಂದು ಹೊಟ್ಟೆಗೆ ಹಾಕಿಕೊಳ್ಳಿ.

ನಿನ್ನೆ ನಮ್ಮ ಸಂಜಯನಗರದ ಮನೆಯಲ್ಲಿ ಹಬ್ಬಕ್ಕೆಂದು ಧೂಳು ಹೊಡೆಯುತ್ತಿದ್ದೆವು. ಜೇಡರ ಬಲೆ ತೆಗೆಯಲು ನಮ್ಮಲ್ಲಿ ಒಂದು ಬಿದಿರು ಕಡ್ಡಿ ಇದೆ. ಅದರ ತುದಿಗೆ ಸಣ್ಣದೊಂದು ಹಿತ್ತಾಳೆ ಉಂಗುರ. ಮೇಲಿನ ಮೂಲೆಗೆ ಅದು ಎಟುಕಲಿಲ್ಲ. "ರೀ, ಇದಕ್ಕೆ ಇನ್ನೊಂದು ಕೋಲು ಸೇರಿಸಿ ದಾರ ಸುತ್ತಿಕೊಡಿ, ಉದ್ದ ಆಗತ್ತೆ" ಎಂದಳು ನನ್ನ ಹೆಂಡತಿ. ಅವಳು ಹೇಳಿದ್ದು ಅಷ್ಟೇ. ಈ ವಯಸ್ಸಿನಲ್ಲೂ ನನ್ನ ಕಿವಿ ಬಿಸಿಯಾಯಿತು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ದೊಡ್ಡಬಳ್ಳಾಪುರದಿಂದ ಬಂದ ನಾನು ಯಶವಂತಪುರದ ಒಂದು ಕಾರ್ಖಾನೆಯಲ್ಲಿದ್ದೆ. ಭಾನುವಾರ ಬಂತೆಂದರೆ ಹೆಬ್ಬಾಳದ ಕೆರೆ. ದಡದ ತುಂಬ ಜೊಂಡು. ಅದನ್ನು ದಾಟಿಸಿ ಗಾಳ ಹಾಕಬೇಕಾದರೆ ಕೋಲು ಉದ್ದವಿರಲೇಬೇಕು. ನನ್ನದು ಅಲ್ಲಿದ್ದವರೆಲ್ಲರ ಕೋಲಿಗಿಂತ ಉದ್ದ. ಹಾಗಾಗಿ ಮೀನಿನ ವಿಷಯದಲ್ಲಿ ಕಾರ್ಖಾನೆಗೆಲ್ಲ ನಾನೇ ಪಂಡಿತ. ಇಂಗ್ಲಿಷ್ ಬೋರ್ಡು ಓದಲಾಗದೆ ತಡವರಿಸುತ್ತಿದ್ದವನಿಗೆ ಅಷ್ಟು ಮರ್ಯಾದೆ ಸಿಕ್ಕರೆ ಬಿಡುವುದುಂಟೇ?

ನನ್ನ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದವನು ಮಲ್ಪೆಯ ಶೀನ. ಅವನ ಅಪ್ಪ ಸಮುದ್ರದ ಮೇಲೆ ದೋಣಿಯಲ್ಲಿ ಕೂತು ಬರಿಗೈಯಲ್ಲೇ ಗಾಳದ ಹುರಿ ಎಳೆಯುತ್ತಿದ್ದರಂತೆ. ಹುರಿ ಕೊಯ್ದು ಕೊಯ್ದು ಅಂಗೈ ಹಸಿ ಗಾಯವಾಗಿತ್ತು.

"ರೀಲು ಇರುವ ಕೋಲು ಒಂದು ಕೊಂಡುಹೋದ್ರೆ ಅಪ್ಪನ ಕೈ ಉಳೀತದೆ ಮಾರಾಯ. ನಂಗೆ ಅದೆಲ್ಲ ಗೊತ್ತಾಗುದಿಲ್ಲ, ನೀನೇ ಆರಿಸಿಕೊಡು" ಎಂದ.

"ಬಿಡು ಗುರು, ನಾನಿಲ್ವಾ?" ಎಂದೆ. ಕ್ಯಾಲೆಂಡರಿನ ಚಿತ್ರದಲ್ಲಿ ಬಿಟ್ಟರೆ ನಾನು ಸಮುದ್ರವನ್ನು ನೋಡಿಯೇ ಇರಲಿಲ್ಲ.

ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯವರು ಎರಡು ಕೋಲು ತೆಗೆದಿಟ್ಟರು. ಒಂದು ಗಿಡ್ಡ, ದಪ್ಪ. ಇನ್ನೊಂದು ಎಷ್ಟು ಉದ್ದವೆಂದರೆ ನಾನು ಅದನ್ನು ಬೀಸಿ ನೋಡಲು ಬೀದಿಗೆ ಇಳಿಯಬೇಕಾಯಿತು. ಹೋಗುತ್ತಿದ್ದ ಸೈಕಲ್ಲಿನವನೊಬ್ಬ ತಲೆ ತಗ್ಗಿಸಿಕೊಂಡು, "ಏನಣ್ಣ, ಬಾವುಟ ಕಟ್ತೀಯಾ?" ಎಂದ.

"ದಡದಿಂದ ಹಿಡಿಯೋದಾ, ದೋಣಿಯಿಂದಾನಾ?" ಎಂದು ಅಂಗಡಿಯವರು ಕೇಳಿದರು. ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಲು ನನಗೆ ನಾಚಿಕೆ. ಶೀನನ ಮುಂದೆ ಕೇಳುವುದಾದರೂ ಹೇಗೆ? ಗಿಡ್ಡ ಕೋಲನ್ನು ತೋರಿಸಿ, "ಇದೇನ್ರೀ, ದನ ಕಾಯೋ ಕೋಲು!" ಎಂದು ನಕ್ಕುಬಿಟ್ಟೆ.

"ಅದು ಸ್ವಲ್ಪ ಉದ್ದ ಆಯ್ತಾ ಅಂತ..." ಶೀನ ರಾಗ ಎಳೆದ.

"ಏಯ್, ಹೆಬ್ಬಾಳದ ಕೆರೆಗೇ ಇಷ್ಟುದ್ದ ಬೇಕಾದ್ರೆ ಸಮುದ್ರಕ್ಕೆ ಎಷ್ಟು ಬೇಕು? ನೀನೇ ಯೋಚ್ನೆ ಮಾಡು!"

ಕೋಲು ಬಸ್ಸಿನ ಟಾಪಿನ ಮೇಲೆ ಘಟ್ಟ ಇಳಿಯಿತು. ರಜೆ ಮುಗಿಸಿ ಬಂದ ಶೀನ, "ಅಪ್ಪನಿಗೆ ಭಾರಿ ಖುಷಿ" ಎಂದವನೇ ಕೆಲಸದ ಕಡೆ ತಿರುಗಿಕೊಂಡ. ಅದೇಕೆ ಹಾಗೆ ತಿರುಗಿದ ಎಂದು ಆಗ ನನಗೆ ಹೊಳೆಯಲಿಲ್ಲ.

ಮುಂದಿನ ವರ್ಷ ಅವನ ಜೊತೆ ನಾನೂ ಹೋದೆ. ಬೆಳಿಗ್ಗೆ ದೋಣಿಯ ಹತ್ತಿರ ಶೀನನ ಅಪ್ಪ ಕೋಲು ಹಿಡಿದು ನಿಂತಿದ್ದರು. ಅದರ ನಡುವೆ ಒಂದು ಗೇಣಿನಷ್ಟು ದಾರ ಬಿಗಿಯಾಗಿ ಸುತ್ತಿತ್ತು. "ಅದೇನು ಯಜಮಾನ್ರೇ?" ಎಂದೆ. "ಚಂದಕ್ಕೆ ಮಾರಾಯ್ರೆ" ಎಂದು ಅವರು ಬೇರೆ ಮಾತು ತೆಗೆದರು.

ದೋಣಿ ನೀರಿಗಿಳಿಯಿತು. ಮೀನು ಕಚ್ಚಿತು, ಅವರು ಕೋಲು ಎತ್ತಿದರು. ಮೀನು ಕೋಲಿನ ತುದಿಯಲ್ಲಿ, ದೋಣಿಯಿಂದ ಆಚೆ ತೂಗಾಡುತ್ತಿದೆ, ಯಾರ ಕೈಗೂ ಸಿಗುವುದಿಲ್ಲ. ಹಿಂದಕ್ಕೆ ಎಳೆದರೆ ಕೋಲಿನ ಬುಡ ಶೀನನ ಪಕ್ಕೆಗೆ ತಿವಿಯಿತು. ಮೀನು ತಪ್ಪಿಸಿಕೊಂಡಿತು. ಇನ್ನೊಂದೂ ಹಾಗೇ ಹೋಯಿತು. ಮುದುಕರು ಬೆವರು ಒರೆಸಿಕೊಂಡು, "ಕೋಲು ಒಳ್ಳೇದುಂಟು" ಎನ್ನುತ್ತಿದ್ದರು. ನಾನು? "ಸ್ವಲ್ಪ ಮೆಲ್ಲಗೆ ಎತ್ತಬೇಕು, ನಮ್ಮ ಕೆರೇಲಿ ಹಿಂಗೆ" ಎಂದು ಅವರಿಗೆ ಪಾಠ ಹೇಳುತ್ತಿದ್ದೆ. ಇದನ್ನು ಬರೆಯುವಾಗ ಬೆರಳು ಮುಂದಕ್ಕೆ ಹೋಗುತ್ತಿಲ್ಲ.

ಆಮೇಲೆ ದೊಡ್ಡದೊಂದು ಕಚ್ಚಿತು. ಕೋಲು ಬಾಗಿತು, ದಾರ ಸುತ್ತಿದ್ದ ಜಾಗ ಸಡಿಲವಾಯಿತು. ಕೋಲಿನ ಮೇಲಿನ ಭಾಗ ಕಳಚಿಕೊಂಡು, ತನ್ನ ಉಂಗುರದೊಳಗಿನ ಹುರಿಯ ಮೇಲೆ ಸರ್ರನೆ ಜಾರಿ ನೀರಿಗೆ ಹೋಯಿತು. ಕೈಯಲ್ಲಿ ಉಳಿದದ್ದು ಗಿಡ್ಡ, ದಪ್ಪ ಬುಡ. ಮುದುಕರು ಒಂದು ಕ್ಷಣ ನನ್ನ ಮುಖ ನೋಡಿದರು. ಆದರೆ ಮೀನು ಕಾಯಬೇಕಲ್ಲ! ಬುಡವನ್ನು ಹೊಟ್ಟೆಗೆ ಒತ್ತಿಕೊಂಡು ಸರಾಗವಾಗಿ ರೀಲು ಸುತ್ತಿದರು. ಮೀನು ದೋಣಿಯ ಪಕ್ಕಕ್ಕೇ ಬಂತು. ಅದರ ಮೂತಿಯ ಹತ್ತಿರ ನನ್ನ ಕೋಲಿನ ತುದಿ ನೇತಾಡುತ್ತಿತ್ತು.

ಬುಡವನ್ನು ನೋಡಿದೆ. ಮುರಿದದ್ದಲ್ಲ, ಗರಗಸದಲ್ಲಿ ಕೊಯ್ದದ್ದು. ಕೊಯ್ದ ಬಾಯಿ ಉಪ್ಪುನೀರಿಗೆ ಕಪ್ಪಾಗಿತ್ತು. ಅಲ್ಲೇ ಬೇರೊಂದು ಉಂಗುರ ಕಟ್ಟಿದ್ದರು, ಅದು ಸವೆದು ಹೊಳೆಯುತ್ತಿತ್ತು.

"ಬೇಸರ ಮಾಡ್ಬೇಡಿ ಮಾರಾಯ್ರೆ" ಎಂದರು ಮುದುಕರು. "ದೋಣಿಯಲ್ಲಿ ಮೀನು ನಮ್ಮ ಕಾಲಡಿಯಲ್ಲೇ ಇರ್ತದೆ, ಕೋಲು ಗಿಡ್ಡ ಸಾಕು. ನೀವು ಅಷ್ಟು ದೂರದಿಂದ ಬರುವಾಗ ತುಂಡು ಮಾಡಿದ್ದು ಕಂಡ್ರೆ ಎಂತ ಅನ್ನಿಸ್ತದೆ ಅಂತ ನಿನ್ನೆ ಕೂತು ಕಟ್ಟಿದ್ದು."

"ನಾನು ಬೇಡ ಅಂದೆ. ಅಪ್ಪ ಕೇಳ್ಬೇಕಲ್ಲ!" ಎಂದ ಶೀನ, ಪಕ್ಕೆ ಉಜ್ಜಿಕೊಳ್ಳುತ್ತ.

ಮುದುಕರು ಅಂಗೈ ಬಿಚ್ಚಿ ತೋರಿಸಿದರು. ಹಳೆಯ ಗಾಯಗಳು ಮಾಯ್ದಿದ್ದವು. "ನಿಮ್ಮ ಕೋಲೇ ಮಾಯಿಸಿದ್ದು" ಎಂದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ನನ್ನ ಮರ್ಯಾದೆ ಉಳಿಸಲು ಗಾಳಕ್ಕೆ ಬಿದ್ದ ಎರಡು ಮೀನನ್ನು ಬಿಟ್ಟವರು ಅವರು! ಕೋಲಿನ ತುದಿಯನ್ನು ತೊಡೆಯ ಮೇಲಿಟ್ಟುಕೊಂಡು ದಡ ಸೇರುವವರೆಗೂ ತಲೆ ಎತ್ತಲಿಲ್ಲ. ಹೊರಡುವಾಗ ಅದನ್ನು ಕೇಳಿ ತಂದುಕೊಂಡೆ.

ನಿನ್ನೆ ಹೆಂಡತಿ ಕೊಟ್ಟ ದಾರದ ಉಂಡೆಯನ್ನು ಅವಳಿಗೇ ವಾಪಸ್ ಕೊಟ್ಟು, ಅಡುಗೆಮನೆಯಿಂದ ಸ್ಟೂಲು ಎಳೆದುಕೊಂಡು ಬಂದೆ. "ಬಿದ್ದೀರಾ ಕಣ್ರೀ, ಕಟ್ಟಿದ್ರೆ ಆಗಲ್ವಾ?" ಎಂದಳು. "ಇದನ್ನ ಒಂದು ಸಲ ಕಟ್ಟಿದ್ದು ಸಾಕು. ನೀನು ಸ್ಟೂಲು ಹಿಡ್ಕೋ, ಹೇಳ್ತೀನಿ" ಎಂದು ಮೇಲೆ ಹತ್ತಿ, ಅವಳಿಗೆ ಮೊದಲ ಸಲ ಈ ಕಥೆಯನ್ನೆಲ್ಲ ಹೇಳಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ. "ಅವರ ಕೈ ಆಮೇಲೂ ಚೆನ್ನಾಗಿತ್ತಾ?" ಎಂದು ಕೇಳಿದಳು. ಆ ಮಾತನ್ನು ನಾನು ಶೀನನ ಹತ್ತಿರ ಒಂದು ಸಲವೂ ಕೇಳಿರಲಿಲ್ಲ.

ನಿಮ್ಮ ತಪ್ಪನ್ನೂ ಯಾರಾದರೂ ಹೀಗೆ ರಾತ್ರಿ ಕೂತು ದಾರ ಸುತ್ತಿ ಮುಚ್ಚಿದ್ದುಂಟೇ? ಇದ್ದರೆ ನಾಚಿಕೆಪಡದೆ ಬರೆದು ತಿಳಿಸಿ. ನಿಧಾನವಾಗಿಯಾದರೂ ಎಲ್ಲವನ್ನೂ ಓದುತ್ತೇನೆ.